ಗಾಳಿಮರದ ಕೊಂಬೆ

ಶುಕ್ರವಾರ ಬೆಳಗ್ಗೆ ಮಿಂಡರಪ್ ಊರಿನ ಸಮುದಾಯ ಭವನದಲ್ಲಿ ಜಾಮಿನ ಬಾಟಲಿಗಳನ್ನು ತೊಳೆಯುವ ಕೆಲಸ ನಡೆದಿತ್ತು. ಪ್ರತಿ ಸೆಪ್ಟೆಂಬರಿನಲ್ಲೂ ಕಾಡುಹೂಗಳ ಪ್ರದರ್ಶನಕ್ಕೆಂದು ಮನೆಮನೆಯಿಂದ ಖಾಲಿ ಬಾಟಲಿಗಳು ಬರುತ್ತವೆ. ಪ್ರತಿ ಸಲವೂ ಅರ್ಧದಷ್ಟಕ್ಕೆ ಜಾಮು ಅಂಟಿಕೊಂಡೇ ಇರುತ್ತದೆ. ವರ್ನಾ ಹಾಲಿಕ್ ತೋಳು ಮಡಚಿಕೊಂಡು ಅವನ್ನು ಉಜ್ಜುತ್ತಿದ್ದಳು. ಎಂಬತ್ತು ದಾಟಿದ ಥೆಲ್ಮಾ ಕ್ವೇಫ್ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು ಹೂಗಳ ಹೆಸರಿನ ಚೀಟಿ ಬರೆಯುತ್ತಿದ್ದರು.

ವರ್ನಾ ಬಹಳ ವರ್ಷ ಶಾಲೆಯ ಬಸ್ಸು ಓಡಿಸಿದವಳು. ಗಂಡ ತೀರಿಹೋದ ಮೇಲೆ ಕ್ಯಾಮೆರಾ ಹಿಡಿದಳು. ಈಗ ಅವಳು ತೆಗೆದ ಕಾಡು ಆರ್ಕಿಡ್‌ಗಳ ಕ್ಯಾಲೆಂಡರು ಊರಿನ ಅರ್ಧ ಅಡುಗೆಮನೆಗಳಲ್ಲಿ ನೇತಾಡುತ್ತದೆ. 'ವರ್ನಾ ತೆಗೆದ ಹೂವು ನಿಜವಾದ ಹೂವಿಗಿಂತ ಚೆಂದ' ಎಂದು ಜನ ಹೇಳಿದರೆ ಅವಳು ಕೇಳಿಸದವಳಂತೆ ಮುಂದೆ ಹೋಗುತ್ತಿದ್ದಳು. ಆದರೆ ಆ ಮಾತನ್ನು ಜೋಪಾನವಾಗಿ ಮನೆಗೆ ಒಯ್ಯುತ್ತಿದ್ದಳು.

ಕೈ ಒರೆಸಿಕೊಂಡು ಅವಳು ಫೋನನ್ನು ಥೆಲ್ಮಾ ಮುಂದೆ ಹಿಡಿದಳು. "ಮೊನ್ನೆ ಬುಧವಾರ ತೆಗೆದದ್ದು. ಹೇಗಿದೆ ಹೇಳಿ."

ಕಪ್ಪು ಹಿನ್ನೆಲೆಯಲ್ಲಿ ಒಂದು ಜೇಡ ಆರ್ಕಿಡ್. ತಿಳಿ ಹಳದಿ ಮುಖ, ಕೆಂಪು ತುಟಿ, ತುಟಿಯ ಅಂಚಿಗೆ ಬಾಚಣಿಗೆಯ ಹಲ್ಲಿನಂಥ ಝಾಲರಿ. ಥೆಲ್ಮಾ ಫೋನು ಕಿತ್ತುಕೊಂಡು ಕಿಟಕಿಯ ಬೆಳಕಿಗೆ ಹೋದರು.

"ಎಲ್ಲಿ ಸಿಕ್ತೇ ಇದು?"

"ಹಳೆ ಗಿರಣಿ ರಸ್ತೆ ಅಂಚಲ್ಲಿ. ಗೋಧಿ ಹೊಲದ ಬೇಲಿಗೂ ರಸ್ತೆಗೂ ನಡುವೆ ಆ ಕಾಡಿನ ಪಟ್ಟಿ ಇದೆಯಲ್ಲ, ಅಲ್ಲಿ."

"ತುದಿಗಳೆಲ್ಲಿ?"

"ಏನು ತುದಿ?"

"ದಳದ ತುದಿ ಕಣೇ! ಇಷ್ಟು ಹತ್ತಿರ ಹೋಗಿದೀಯ, ಮುಖ ಮಾತ್ರ ಇದೆ, ಕೈಕಾಲೇ ಇಲ್ಲ. ತುದಿ ಸುಮ್ಮನೆ ಸಣ್ಣಗಾಗುತ್ತಾ ಹೋದ್ರೆ ಇದು ಮಾಮೂಲಿ ಜೇಡ. ತುದೀಲಿ ಕಪ್ಪು ಗಂಟು ಇದ್ರೆ..." ಥೆಲ್ಮಾ ಮಾತು ನಿಲ್ಲಿಸಿದರು. "ಗಂಟು ಇದ್ರೆ ಇದು ಗಂಟುಜೇಡ. ನನ್ನ ಮಗಳು ಚಿಕ್ಕವಳಿದ್ದಾಗ ಅಲ್ಲೇ ನೋಡಿದ್ದೆ. ಆಮೇಲೆ ಯಾರಿಗೂ ಕಂಡಿಲ್ಲ. ಬೇರೆ ಚಿತ್ರ ಇದೆಯಾ?"

ಇದ್ದವು. ಎಲ್ಲವೂ ಮುಖಗಳೇ.

ಥೆಲ್ಮಾ ಅಲ್ಲಿಂದಲೇ ಸಸ್ಯ ಇಲಾಖೆಗೆ ಫೋನು ಹಚ್ಚಿದರು. ಸೋಮವಾರ ಹಳೆ ಗಿರಣಿ ರಸ್ತೆಯ ಅಗಲೀಕರಣ ಶುರುವಾಗುವುದಿತ್ತು. ಊರಿನ ಆಡಳಿತ ಮಂಡಳಿಯ ಗ್ರೇಡರ್ ಯಂತ್ರ ಆ ಕಾಡಿನ ಪಟ್ಟಿಯನ್ನೇ ಕೆರೆದುಹಾಕಲಿತ್ತು. ಸೋಮವಾರ ಬೆಳಗ್ಗೆ ತಜ್ಞೆಯೊಬ್ಬಳು ಬರುತ್ತಾಳೆ, ಅರಳಿದ ಹೂವನ್ನು ಕಣ್ಣಾರೆ ಕಂಡರೆ ಯಂತ್ರ ನಿಲ್ಲಿಸುತ್ತಾಳೆ, ಬರೀ ಎಲೆ ನೋಡಿ ಯಾರೂ ಏನೂ ಹೇಳಲಾರರು ಎಂಬ ಉತ್ತರ ಬಂತು. ಥೆಲ್ಮಾ ಚೀಟಿಗಳನ್ನೆಲ್ಲ ಮರೆತು ವರ್ನಾಳ ಕೈ ಹಿಡಿದುಕೊಂಡರು.

ಬುಧವಾರ ತಾನು ಮಾಡಿದ್ದು ವರ್ನಾಳಿಗೆ ಮಾತ್ರ ಗೊತ್ತಿತ್ತು. ಆ ಹೂವಿನ ಮೇಲೆ ಗಾಳಿಮರದ ಒಂದು ಒಣಕೊಂಬೆ ಬಿದ್ದಿತ್ತು, ಬೂದು ಬಣ್ಣದ, ಕೆದರಿದ ಕೂದಲಿನಂಥ ಕೊಂಬೆ. ಚಿತ್ರಕ್ಕೆ ಅಡ್ಡ. ಅದನ್ನು ಎಳೆದು ಆಚೆ ಎಸೆದಿದ್ದಳು. ಜೇಬಿನಿಂದ ಉಗುರು ಕತ್ತರಿ ತೆಗೆದು ಸುತ್ತಲಿನ ಹುಲ್ಲನ್ನು ಒಪ್ಪವಾಗಿ ಕತ್ತರಿಸಿದ್ದಳು. ಹೂವು ಒಂಟಿಯಾಗಿ, ಮದುಮಗಳ ಹಾಗೆ ನಿಂತ ಮೇಲೆಯೇ ಕ್ಯಾಮೆರಾ ತೆಗೆದದ್ದು. ಅವಳ ಎಲ್ಲ ಚಿತ್ರಗಳ ಗುಟ್ಟೂ ಇದೇ. "ಕಡ್ಡಿ ಕೂಡ ಅಲ್ಲಾಡಿಸಬಾರದು" ಎಂದು ಥೆಲ್ಮಾ ಹೂ ನೋಡುವ ಪ್ರತಿ ಸುತ್ತಾಟದಲ್ಲೂ ಹೇಳುವಾಗ ಎಲ್ಲರಿಗಿಂತ ಮೊದಲು ತಲೆಯಾಡಿಸುತ್ತಿದ್ದವಳು ವರ್ನಾ.

ಏನೂ ಆಗಿರುವುದಿಲ್ಲ ಎಂದುಕೊಂಡಳು. ಆ ರಾತ್ರಿ ಹತ್ತಾರು ಸಲ ಹಾಗೆ ಅಂದುಕೊಳ್ಳಬೇಕಾಯಿತು.

ಶನಿವಾರ ಇಬ್ಬರೂ ಹೋದರು. ಕಾಡಿನ ಅಂಚಿನಲ್ಲಿ ಥೆಲ್ಮಾ ಎಂದಿನಂತೆ ಇಬ್ಬರ ಬೂಟುಗಳನ್ನೂ ಬ್ರಷ್ಷಿನಿಂದ ಉಜ್ಜಿಸಿ, ಸ್ಪಿರಿಟ್ ಚಿಮುಕಿಸಿದರು; ಬೇರೆ ಕಡೆಯ ಮಣ್ಣಿನ ಜೊತೆ ಬೇರುಕೊಳೆ ರೋಗ ಬಂದರೆ ಮರಗಳೇ ಸಾಯುತ್ತವೆ. ಆಮೇಲೆ ವರ್ನಾ ತೋರಿಸಿದ ಜಾಗಕ್ಕೆ ಮೆಲ್ಲಗೆ ನಡೆದರು.

ಅಲ್ಲಿ ಹೂವು ಇರಲಿಲ್ಲ. ಬೆರಳುದ್ದದ ದಂಟು ಮಾತ್ರ ಉಳಿದಿತ್ತು. ಆಚೀಚೆಯ ಚಿಕ್ಕ ಗಿಡಗಳ ತುದಿಯೂ ಹೋಗಿತ್ತು. ನೆಲದ ಮೇಲೆ ಕಾಂಗರೂ ಹಿಕ್ಕೆ ಬಿದ್ದಿತ್ತು.

ಥೆಲ್ಮಾ ಮಂಡಿಯೂರಿದರು. ಎದ್ದಾಗ ಅವರ ಮುಖ ಕೆಂಪಾಗಿತ್ತು. "ತಿಂದದ್ದು ಕಾಂಗರೂ. ಆದ್ರೆ ಈ ಹುಲ್ಲು ನೋಡು, ಓರೆಯಾಗಿ ಕತ್ತರಿಸಿದಾರೆ. ಇಲ್ಲಿ ಏನೋ ಬಿದ್ದಿದ್ದ ಗುರುತಿದೆ, ಅದನ್ನ ಎಳೆದು ಹಾಕಿದಾರೆ. ಬೇಕೂಂತ ಬಯಲು ಮಾಡಿದಾರೆ, ವರ್ನಾ. ಕಾಂಗರೂಗೆ ತಟ್ಟೆ ಹಾಕಿ ಬಡಿಸಿದ ಹಾಗೆ!"

"ಯಾರು ಹಾಗೆ..." ಎಂದಳು ವರ್ನಾ.

"ಇನ್ಯಾರು? ನಿನ್ನ ಮೈದುನ. ಮಂಡಳಿ ಗ್ರೇಡರ್ ಓಡಿಸೋನು ಅವನೇ ತಾನೆ? 'ಹೂವು ಹೂವು ಅಂತ ರಸ್ತೆ ನಿಲ್ಲಿಸಬೇಡಿ' ಅಂತ ಸಭೇಲಿ ಕೂಗಾಡಿದ್ದೂ ಅವನೇ. ಬುಧವಾರ ಇಲ್ಲಿ ಗೂಟ ಹೊಡೀತಿದ್ದ, ನಾನೇ ನೋಡಿದೀನಿ."

ಆಗಲೇ ಹೇಳಬಹುದಿತ್ತು. ಬಾಯಿ ತೆರೆದರೆ ಸಾಕಿತ್ತು. ವರ್ನಾ ಜೇಬಿನೊಳಗೆ ಉಗುರು ಕತ್ತರಿಯನ್ನು ಬಿಗಿಯಾಗಿ ಹಿಡಿದು, ಬೇಲಿಯಾಚೆಯ ಗೋಧಿಯನ್ನು ನೋಡುತ್ತ ನಿಂತಳು.

ಸಂಜೆಯೊಳಗೆ ಸುದ್ದಿ ಊರೆಲ್ಲ ಸುತ್ತಿತು. ಪ್ರದರ್ಶನಕ್ಕೆ ಬಂದವರು ಚಹಾ ಕುಡಿಯುತ್ತ, ಸ್ಕೋನ್ ಬನ್ನಿಗೆ ಕ್ರೀಮು ಹಚ್ಚುತ್ತ ವರ್ನಾಳ ಮೈದುನ ನೆವ್ ಹಾಲಿಕ್‌ನ ಬಗ್ಗೆ ಪಿಸುಗುಟ್ಟಿದರು. ಸೋಮವಾರ ತಜ್ಞೆಯ ಎದುರೇ ಅವನ ಮರ್ಯಾದೆ ಕಳೆಯುತ್ತೇನೆಂದು ಥೆಲ್ಮಾ ಸಾರಿಬಿಟ್ಟಿದ್ದರು. ಯಾರೋ ವರ್ನಾಳ ಭುಜ ತಟ್ಟಿ, "ಪಾಪ, ನಿನ್ನ ಮೈದುನನೇ ಹೀಗೆ ಮಾಡಿದನಲ್ಲ" ಎಂದರು. ಆ ಕನಿಕರ ಅವಳಿಗೆ ಬೈಗುಳಕ್ಕಿಂತ ಚುರುಕಾಗಿ ತಾಗಿತು.

ಭಾನುವಾರ ಮಧ್ಯಾಹ್ನ ಅವಳಿಗೆ ಮನೆಯಲ್ಲಿ ಕೂರಲಾಗಲಿಲ್ಲ. ಬೂಟು ಉಜ್ಜಿಕೊಂಡು ಒಬ್ಬಳೇ ಆ ಜಾಗಕ್ಕೆ ಹೋದಳು. ಏನು ಮಾಡಬೇಕೆಂದು ಗೊತ್ತಿರಲಿಲ್ಲ. ಕೊಂಬೆಯನ್ನಾದರೂ ಮೊದಲಿದ್ದ ಕಡೆ ಇಡೋಣವೆಂದು ಅದನ್ನು ಎಸೆದಲ್ಲಿಗೆ ಹೋಗಿ ಬಗ್ಗಿದಳು. ಎತ್ತಲು ಕೈ ಹಾಕಿದವಳು ಹಾಗೇ ನಿಂತಳು.

ಕೊಂಬೆಯ ಅಡಿಯಲ್ಲಿ, ಒಣಕಡ್ಡಿಗಳ ನಡುವೆ, ಇನ್ನೊಂದು ಗಿಡವಿತ್ತು. ದಂಟು ಸ್ವಲ್ಪ ಬಾಗಿತ್ತು. ತುದಿಯಲ್ಲಿ ಮುಚ್ಚಿದ ಮೊಗ್ಗು. ಸುತ್ತಲಿನದ್ದೆಲ್ಲ ಕಾಂಗರೂ ಹೊಟ್ಟೆ ಸೇರಿತ್ತು. ಅವಳು ಅಸಹ್ಯವೆಂದು ಎಸೆದ ಕೊಂಬೆ ಬಿದ್ದಲ್ಲಿ ಮಾತ್ರ ಅವುಗಳ ಬಾಯಿ ತಲುಪಿರಲಿಲ್ಲ.

ವರ್ನಾ ನೆಲದ ಮೇಲೆ ಕೂತು ಅತ್ತಳು. ಆಮೇಲೆ ಕೊಂಬೆಯನ್ನು ಕೂದಲೆಳೆಯಷ್ಟೂ ಅಲ್ಲಾಡಿಸದೆ ಎದ್ದು, ನೇರವಾಗಿ ನೆವ್‌ನ ಮನೆಗೆ ಹೋದಳು.

ನೆವ್ ಹಿತ್ತಲಲ್ಲಿ ಗ್ರೀಸು ಮೆತ್ತಿದ ಕೈಯಲ್ಲಿ ಹುಲ್ಲು ಕತ್ತರಿಸುವ ಯಂತ್ರ ಬಿಚ್ಚಿಕೊಂಡು ಕೂತಿದ್ದ. ಅವಳನ್ನು ನೋಡಿ ಏಳಲಿಲ್ಲ. "ಬಾ ಅತ್ತಿಗೆ. ನೀನಾದ್ರೂ ಬಂದ್ಯಲ್ಲ. ಬೆಳಗ್ಗೆ ಬ್ರೆಡ್ಡು ತರೋಕೆ ಹೋದ್ರೆ ಅಂಗಡಿಯ ಜಾನಿಸ್ ಮುಖ ಎತ್ತಿ ನೋಡಲಿಲ್ಲ. ನಾನೇನೋ ಮಗು ಕದ್ದ ಹಾಗೆ!"

"ನೆವ್, ಹುಲ್ಲು ಕತ್ತರಿಸಿದ್ದು ನಾನು."

ಅವನ ಕೈ ನಿಂತಿತು. ವರ್ನಾ ಎಲ್ಲವನ್ನೂ ಹೇಳಿದಳು. ಕೊಂಬೆ, ಕತ್ತರಿ, ಕಪ್ಪು ಹಿನ್ನೆಲೆ. ನೆವ್ ಸ್ಪ್ಯಾನರನ್ನು ಕೈಯಲ್ಲಿ ತಿರುಗಿಸಿದ.

"ಅಂದ್ರೆ ನಿನ್ನ ಫೋಟೋ ಚೆನ್ನಾಗಿ ಬರ್ಲಿ ಅಂತ ನಾನು ಕಳ್ಳ ಆದೆ."

"ಹೌದು."

"ನಿನ್ನೆ ಭವನದಲ್ಲಿ ಎಲ್ಲರೂ ಬೈತಿದ್ದಾಗ ನೀನಲ್ಲೇ ಇದ್ದೆ."

"ಇದ್ದೆ."

"ಭಲೇ!" ಎಂದ ನೆವ್. ನಗಲು ನೋಡಿದ, ಆಗಲಿಲ್ಲ. "ನೋಡು, ನನಗೆ ಆ ಹೂವಿನ ಮೇಲೆ ದ್ವೇಷ ಇಲ್ಲ. ಹೋದ ಚಳಿಗಾಲ ಶಾಲೆ ಬಸ್ಸು ಚರಂಡಿಗೆ ಇಳೀತಲ್ಲ, ಒಳಗೆ ನನ್ನ ಮೊಮ್ಮಗಳಿದ್ಳು. ಎದುರಿಗೆ ಗೋಧಿ ಲಾರಿ ಬಂದ್ರೆ ಆ ರಸ್ತೇಲಿ ಉಸಿರು ಬಿಗಿ ಹಿಡ್ಕೊಂಡು ಸರೀತಿದ್ದದ್ದು ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅದಕ್ಕೇ ನಾನು ಕೂಗಾಡಿದ್ದು. ಥೆಲ್ಮಾಗೆ ಹೂವು ಕಾಣುತ್ತೆ, ನನಗೆ ಮಕ್ಕಳು ಕಾಣ್ತಾರೆ."

"ನನಗೆ ಎರಡೂ ಕಾಣಬೇಕಿತ್ತು ಕಣೋ. ನನಗೆ ಕಂಡದ್ದು ಕ್ಯಾಲೆಂಡರು."

ನೆವ್ ಸ್ಪ್ಯಾನರ್ ಕೆಳಗಿಟ್ಟ. "ನನಗೆ ಯಾಕೆ ಹೇಳ್ತೀಯ? ಯಾರಿಗೆ ಹೇಳಬೇಕೋ ಅವರಿಗೆ ಹೇಳು."

ಸೋಮವಾರ ಮೋಡ ಮುಸುಕಿತ್ತು. ಬಿಸಿಲು ಬೀಳದಿದ್ದರೆ ಜೇಡ ಆರ್ಕಿಡ್‌ನ ಮೊಗ್ಗು ಬಿಚ್ಚಿಕೊಳ್ಳಲು ತಡಮಾಡುತ್ತದೆ. ರಸ್ತೆಯ ಪಕ್ಕದಲ್ಲಿ ಹಳದಿ ಗ್ರೇಡರ್ ಗುರುಗುಟ್ಟುತ್ತಿತ್ತು, ಅದರೊಳಗೆ ನೆವ್ ಕೈಕಟ್ಟಿ ಕೂತಿದ್ದ. ಇಲಾಖೆಯ ತಜ್ಞೆ ಟ್ಯಾಮ್ಸಿನ್, ಬೂಟಿನ ತುಂಬ ಕೆಂಪು ಧೂಳು ಹೊತ್ತ ಎಳೆಯ ಹೆಂಗಸು, ಪಿಕಪ್ಪಿನಿಂದ ಇಳಿದಳೋ ಇಲ್ಲವೋ ಥೆಲ್ಮಾ ಶುರುಮಾಡಿದರು.

"ಹೂವು ಹೋಯ್ತಮ್ಮ. ಬೇಕೂಂತ ಹಾಳು ಮಾಡಿದ್ರು. ಮಾಡಿದೋನು ಅಗೋ ಅಲ್ಲೇ ಕೂತಿದಾನೆ, ಯಂತ್ರದ ಮೇಲೆ ಮಹಾರಾಜನ ಹಾಗೆ!"

ವರ್ನಾ ಜೇಬಿನಿಂದ ಉಗುರು ಕತ್ತರಿ ತೆಗೆದು ಪಿಕಪ್ಪಿನ ಬಾನೆಟ್ಟಿನ ಮೇಲಿಟ್ಟಳು. ಅದು ಸಣ್ಣಗೆ ಟಣ್ ಎಂದಿತು.

"ಹಾಳು ಮಾಡಿದ್ದು ಇದು, ಥೆಲ್ಮಾ. ನಾನು. ಚಿತ್ರಕ್ಕೋಸ್ಕರ. ಪ್ರತಿ ಸಲವೂ ಹೀಗೇ ಮಾಡ್ತಿದ್ದೆ."

ಥೆಲ್ಮಾ ಕತ್ತರಿಯನ್ನು ನೋಡಿದರು, ವರ್ನಾಳನ್ನು ನೋಡಿದರು. ಬೈಯುತ್ತಾರೆಂದು ವರ್ನಾ ಕಾದಳು. ಬೈದಿದ್ದರೆ ಹಗುರಾಗುತ್ತಿತ್ತು. "ನನ್ನ ಅಡುಗೆಮನೇಲಿ ನಿನ್ನ ಕ್ಯಾಲೆಂಡರು ಇದೆ," ಎಂದಷ್ಟೇ ಹೇಳಿ ಮುದುಕಿ ಕಣ್ಣು ಒರೆಸಿಕೊಂಡರು. ನಂತರ ಕೋಲೂರಿಕೊಂಡು ಗ್ರೇಡರಿನ ಹತ್ತಿರ ನಡೆದು ಹೋಗಿ, ತಲೆಯೆತ್ತಿ ನೆವ್‌ಗೆ ಏನೋ ಹೇಳಿದರು. ಯಂತ್ರದ ಸದ್ದಿನಲ್ಲಿ ಕೇಳಿಸಲಿಲ್ಲ. ನೆವ್ ಯಂತ್ರ ಆರಿಸಿ ಕೆಳಗಿಳಿದ.

ವರ್ನಾ ಎಲ್ಲರ ಬೂಟು ಉಜ್ಜಿಸಿ ಕೊಂಬೆಯ ಬಳಿಗೆ ಕರೆದೊಯ್ದಳು. ಮೊಗ್ಗು ಮುಚ್ಚಿಕೊಂಡೇ ಇತ್ತು.

"ಮಧ್ಯಾಹ್ನದ ತನಕ ಕಾಯ್ತೀನಿ," ಎಂದಳು ಟ್ಯಾಮ್ಸಿನ್. "ಅಷ್ಟರೊಳಗೆ ಅರಳದಿದ್ರೆ ಕೆಲಸ ತಡೆಯೋ ಅಧಿಕಾರ ನನಗಿಲ್ಲ."

ಕಾದರು. ನೆವ್ ಫ್ಲಾಸ್ಕಿನಿಂದ ಚಹಾ ಬಗ್ಗಿಸಿ ಮೊದಲ ಲೋಟ ಥೆಲ್ಮಾಗೆ ಕೊಟ್ಟ. ವರ್ನಾ ತನ್ನ ಲೋಟವನ್ನು ಪಕ್ಕಕ್ಕಿಟ್ಟಳು. ಆಕಾಶ ನೋಡುವುದು, ಕೊಂಬೆ ನೋಡುವುದು, ಇಷ್ಟೇ. ಒಮ್ಮೆ ಬಿಸಿಲು ಇಣುಕಿ ಮತ್ತೆ ಮರೆಯಾಯಿತು. ಲಾರಿಯೊಂದು ಹಾದುಹೋದಾಗ ಎಲ್ಲರೂ ಪೊದೆಗೆ ಒತ್ತಿಕೊಂಡು ನಿಂತರು. ನೆವ್ ಟ್ಯಾಮ್ಸಿನ್‌ಳ ಕಡೆ ಒಮ್ಮೆ ನೋಡಿದ. ಅವಳು ರಸ್ತೆಯ ಅಗಲವನ್ನು ಕಣ್ಣಿನಲ್ಲೇ ಅಳೆದಳು.

ಊಟದ ಹೊತ್ತಿಗೆ ಮೋಡ ಸರಿಯಿತು. ಮೊಗ್ಗು ಒಮ್ಮೆಗೇ ಏನೂ ಅರಳಲಿಲ್ಲ. ನೋಡುತ್ತಿದ್ದಂತೆ ಒಂದು ದಳ ಬಿಡಿಸಿಕೊಂಡಿತು, ಸುಸ್ತಾದವರು ಕೈ ಚಾಚಿದಂತೆ. ಉಳಿದವು ಕೊಂಬೆಯೊಳಗೇ ಸಿಕ್ಕಿಕೊಂಡಿದ್ದವು.

"ಕೊಂಬೆ ಸ್ವಲ್ಪ ಎತ್ತಲಾ?" ಎಂದು ಟ್ಯಾಮ್ಸಿನ್ ಕೈ ಚಾಚಿದಳು.

"ಬೇಡ!" ವರ್ನಾಳ ದನಿ ಅವಳಿಗೇ ಗಾಬರಿಯಾಗುವಷ್ಟು ಜೋರಾಗಿತ್ತು. "ಬೇಡ ಕಣಮ್ಮ. ಹೂವು ಹಾಗೇ ಇರಲಿ. ನಾವೇ ಬಗ್ಗೋಣ."

ಅವಳೇ ಮೊದಲು ಹೊಟ್ಟೆಯ ಮೇಲೆ ಮಲಗಿದಳು. ಪಕ್ಕದಲ್ಲಿ ಟ್ಯಾಮ್ಸಿನ್ ಮಲಗಿ, ಭೂತಗನ್ನಡಿಯನ್ನು ಕಡ್ಡಿಗಳ ಸಂದಿನಲ್ಲಿ ತೂರಿಸಿದಳು. ಥೆಲ್ಮಾಗೆ ಮಲಗಲಾಗದು, ನೆವ್‌ನ ತೋಳು ಹಿಡಿದುಕೊಂಡು ನಿಂತಿದ್ದರು.

"ಗಂಟು ಇದೆ," ಎಂದಳು ಟ್ಯಾಮ್ಸಿನ್. "ಕಪ್ಪು ಗಂಟು. ಸ್ಪಷ್ಟವಾಗಿದೆ."

ಆ ವರ್ಷದ ಕೆಲಸ ನಿಂತಿತು. ರಸ್ತೆ ಆಮೇಲೆ ಅಗಲವಾಯಿತು, ಎದುರು ಬದಿಯ ಹೊಲದ ಕಡೆಗೆ. ಬೇಲಿ ಸರಿಸಬೇಕಾಗಿ ಬಂದ ರೈತ ಗೊಣಗಾಡಿದ, ಮಂಡಳಿಯವರು ಮೂಗು ಮುರಿದರು, ಅಷ್ಟರವರೆಗೆ ಮಕ್ಕಳ ಬಸ್ಸು ಇನ್ನೊಂದು ಚಳಿಗಾಲ ಹೆದರಿಕೊಂಡೇ ಓಡಿತು. ಎರಡೂ ಬದಿಗೆ ನಿಧಾನವಾಗಿ ಹೋಗಿರೆಂಬ ಫಲಕ ನೆಟ್ಟವನು ನೆವ್.

ಮುಂದಿನ ಕ್ಯಾಲೆಂಡರಿಗೆ ವರ್ನಾ ಹಳೆಯ ಚಿತ್ರ ಒಂದನ್ನೂ ಹಾಕಲಿಲ್ಲ. ಸೆಪ್ಟೆಂಬರ್ ಪುಟದಲ್ಲಿ ಇದ್ದದ್ದು ಬೂದು ಬಣ್ಣದ ಗಾಳಿಮರದ ಕೊಂಬೆ, ಅಡ್ಡಾದಿಡ್ಡಿ ಕಡ್ಡಿ, ಒಣಹುಲ್ಲು. ಬಿದ್ದಲ್ಲಿ ಬಿದ್ದ ಹಾಗೆಯೇ. ಕ್ಯಾಲೆಂಡರು ಹಿಂದಿಗಿಂತ ಕಡಿಮೆ ಖರ್ಚಾಯಿತು.

ಬ್ರೆಡ್ಡಿನ ಅಂಗಡಿಯ ಜಾನಿಸ್ ಆ ಪುಟವನ್ನು ಹತ್ತಿರ ಹಿಡಿದು, ದೂರ ಹಿಡಿದು ನೋಡಿದಳು. "ಏನು ವರ್ನಾ ಇದು, ಗುಡಿಸದ ಅಂಗಳದ ಫೋಟೋ? ಹೂವೆಲ್ಲಿ?"

ವರ್ನಾಳ ಹಿಂದೆ ಸಾಲಿನಲ್ಲಿ ಬ್ರೆಡ್ಡು ಹಿಡಿದು ನಿಂತಿದ್ದ ನೆವ್ ಮುಂದೆ ಬಾಗಿ, ಗ್ರೀಸು ಮೆತ್ತಿದ ಬೆರಳನ್ನು ಚಿತ್ರಕ್ಕೆ ತಾಗಿಸದೆ ಮೇಲೆಯೇ ಹಿಡಿದ.

"ಕೊಂಬೆ ಕೆಳಗಿದೆ, ಜಾನಿಸ್. ಸ್ವಲ್ಪ ಬಗ್ಗಿ ನೋಡು."