ಮಾವ ಕೊಟ್ಟ ಬೆಳವದ ಮರಿ

ಬೆಳವದ ಮರಿ ಮನೆಗೆ ಬಂದ ದಿನದಿಂದ ಕ್ಷೌರಿಕ ಸಮಿರಾನನಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ, ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. ಬೆಳಗಾಗುವ ಮುಂಚೆಯೇ ಎದ್ದು ಪಂಜರದ ಮೇಲಿನ ಕರಿ ಬಟ್ಟೆಯನ್ನು ತುಸು ಸರಿಸಿ ಇಣುಕುವುದು, ಉಸಿರಾಡುತ್ತಿದೆ ಎಂದು ಖಾತ್ರಿಯಾದ ಮೇಲೆ ಮುಚ್ಚುವುದು, ಹಲ್ಲುಜ್ಜುತ್ತ ಬಂದು ಮತ್ತೆ ಇಣುಕುವುದು. ಕಾಳು ತಿಂದಿದೆಯೋ ಇಲ್ಲವೋ ಎಂದು ಹಿಡಿದು, ಕತ್ತಿನ ಕೆಳಗಿನ ಚೀಲವನ್ನು ಬೆರಳಿನಿಂದ ಒತ್ತಿ ನೋಡುವುದು. ಮುಷ್ಟಿಯಲ್ಲಿ ಅಡಗುವಷ್ಟು ಹಕ್ಕಿ. ಅದರ ಎದೆ ಅವನ ಅಂಗೈಯಲ್ಲಿ ಢವಢವ ಹೊಡೆದುಕೊಳ್ಳುತ್ತಿತ್ತು. ಅವನದೂ ಹಾಗೆಯೇ ಹೊಡೆದುಕೊಳ್ಳುತ್ತಿತ್ತು.

ಇಷ್ಟು ತಳಮಳಕ್ಕೆ ಕಾರಣ ಹಕ್ಕಿಯಲ್ಲ, ಹಕ್ಕಿ ಕೊಟ್ಟವರು. ಹೆಂಡತಿ ಮುರ್ನಿಯ ಅಪ್ಪ, ಬಾಪಕ್ ಮರ್ತೊ. ಅಪ್ಪನನ್ನೂ ಹಿರಿಯರನ್ನೂ ಇಲ್ಲಿ ಬಾಪಕ್ ಎಂದೇ ಕರೆಯುವುದು. ಕೂಗಿಗಾಗಿ ಬೆಳವ ಸಾಕುವುದರಲ್ಲಿ ಬಂತುಲ್ ಸೀಮೆಗೆಲ್ಲ ಅವರದೇ ಹೆಸರು. ಅವರ ಅಂಗಳದ ತುಂಬ ಬಿದಿರ ಗಳು, ಒಂದೊಂದರ ತುದಿಗೂ ಒಂದೊಂದು ಪಂಜರ. ಸಮಿರಾನ್ ಹೆಣ್ಣು ಕೇಳಿದಾಗ ಹಿರಿಯರು ಇಬ್ಬರ ಹುಟ್ಟಿದ ವಾರಗಳನ್ನು ಕೂಡಿಸಿ ಜೋಡಿ ಹೊಂದುತ್ತದೋ ಎಂದು ಲೆಕ್ಕ ಹಾಕಿದ್ದರು. ಲೆಕ್ಕದಲ್ಲಿ ಸಾವು ಬಂತು. ಈ ಜೋಡಿ ಕೂಡಿದರೆ ಒಬ್ಬರು ಬೇಗ ಹೋಗುತ್ತಾರೆ ಎಂದು ತಲೆಯಾಡಿಸಿದರು. ಇವರಿಬ್ಬರೂ ಅದನ್ನು ಕಿವಿಗೆ ಹಾಕಿಕೊಳ್ಳದೆ ಮದುವೆಯಾದರು. ಬಾಪಕ್ ಮರ್ತೊ ಮದುವೆಗೂ ಬರಲಿಲ್ಲ, ಆಮೇಲೆ ವರ್ಷಗಳು ಕಳೆದರೂ ಮಗಳ ಹೊಸ್ತಿಲು ತುಳಿಯಲಿಲ್ಲ. ಅಂಥವರು ಈಚೆಗೆ ನೆಂಟರೊಬ್ಬರ ಮನೆಯ ಊಟದಲ್ಲಿ ಎದುರಾದಾಗ ಅಳಿಯನ ಕೈಗೆ ಒಂದು ಪಂಜರ ತುರುಕಿದ್ದರು.

"ಹಕ್ಕಿ ಇಲ್ದಿರೋ ಗಂಡಸಿನ ಮನೆ ಅದೆಂಥ ಮನೆ? ಸಾಕು ನೋಡೋಣ. ಕೂಗೋಕೆ ಶುರು ಮಾಡಿದ್ರೆ ಬಂದು ಹೇಳು. ಬಂದು ಕೇಳ್ತೀನಿ."

ಬಂದು ಕೇಳ್ತೀನಿ! ಸಮಿರಾನ್ ಒಂದು ಕೈಯಲ್ಲಿ ಪಂಜರ ಎತ್ತಿ ಹಿಡಿದು ಇನ್ನೊಂದು ಕೈಯಲ್ಲಿ ಸೈಕಲ್ ಓಡಿಸಿಕೊಂಡು ಬಂದ. ಮುರ್ನಿ ಪಂಜರವನ್ನೊಮ್ಮೆ, ಅವನನ್ನೊಮ್ಮೆ ನೋಡಿ, "ಓಹೋ," ಎಂದು ಒಳಗೆ ಹೋದಳು.

ಸಂತೆಯ ಗೋಡೆ ಪಕ್ಕದ ಮರದಡಿ ಅವನ ಕುರ್ಚಿ, ಕನ್ನಡಿ. ಅಲ್ಲಿ ತಲೆ ಕೊಟ್ಟವರೆಲ್ಲ ಬುದ್ಧಿಯನ್ನೂ ಕೊಟ್ಟರು. ಇರುವೆ ಮೊಟ್ಟೆ ಹಾಕು ಎಂದ ಒಬ್ಬ. ಕಪ್ಪು ಅಂಟಕ್ಕಿ ಹಾಕು, ಗಂಟಲು ಬಿಡುತ್ತದೆ ಎಂದ ಇನ್ನೊಬ್ಬ. ಎರಡನ್ನೂ ಹಾಕಿದ, ಮರಿಗೆ ಹೊಟ್ಟೆ ಕೆಟ್ಟಿತು. ಬಿಸಿಲು ಕಾಣಿಸಬೇಕು ಎಂದರು. ಅಂಗಳದಲ್ಲಿ ಗಳು ನೆಟ್ಟು ಮೊದಲ ದಿನವೇ ಪಂಜರವನ್ನು ತುದಿಗೇರಿಸಿದ. ಗಾಳಿ ಬೀಸಿದ್ದೇ ಮರಿ ಒಳಗೆ ಪಟಪಟ ಬಡಿದುಕೊಂಡು ಎರಡು ಗರಿ ಉದುರಿಸಿತು. ಕೂಡಲೇ ಹಗ್ಗ ಸಡಿಲಿಸಿ ಪಂಜರ ಇಳಿಸಿದ. ಫೋನಿನಲ್ಲಿ ಬೇರೆ ಬೆಳವಗಳ ಕೂಗು ಹಾಕಿ ಪಂಜರದ ಮುಂದಿಟ್ಟು, ಎದುರಿಗೆ ಕುಕ್ಕುರುಗಾಲಲ್ಲಿ ಕೂತು ಕಾದ. ಅದು ಕತ್ತು ಕೊಂಕಿಸಿ ಫೋನನ್ನು ನೋಡಿತು, ಅವನನ್ನು ನೋಡಿತು, ಬಾಯಿ ಮಾತ್ರ ಬಿಡಲಿಲ್ಲ.

"ಇನ್ನೂ ಕೂಗಿಲ್ವಾ?" ಎಂದು ಕೇಳಿದ ಮುದುಕ ಜುಮಾದಿ, ಕುತ್ತಿಗೆಗೆ ಬಟ್ಟೆ ಕಟ್ಟಿಸಿಕೊಳ್ಳುತ್ತ. "ನೀನು ಹೀಗೆ ಕತ್ತರಿ ಹಿಡ್ಕೊಂಡು ಮುಖಾನೇ ನೋಡ್ತಾ ನಿಂತ್ರೆ ಹಕ್ಕಿ ಇರ್ಲಿ, ನಾನೂ ಬಾಯಿ ಬಿಡಲ್ಲ. ಮೊದ್ಲು ನನ್ನ ಕಿವಿ ಉಳಿಸು ಮಾರಾಯ!"

ಎಲ್ಲರೂ ನಕ್ಕರು. ಸಮಿರಾನನಿಗೆ ನಗು ಬರಲಿಲ್ಲ. ಗಂಡಿನ ಹಾಗೆ ಕೂಗದ ಹೆಣ್ಣು ಮರಿಯೇನೋ, ಮೂಗಿಯೇನೋ, ಮಾವ ಬೇಕೆಂದೇ ಕೂಗದ ಹಕ್ಕಿ ಕೊಟ್ಟರೇನೋ ಎಂದು ಅವನ ತಲೆ ಗಿರಕಿ ಹೊಡೆಯುತ್ತಿತ್ತು.

ಮಾರನೆಯ ಬೆಳಗ್ಗೆ ಅರ್ಧ ದಾರಿಗೆ ಹೋದ ಮೇಲೆ ಬ್ಲೇಡಿನ ಪೊಟ್ಟಣ ಮರೆತದ್ದು ನೆನಪಾಗಿ ಸೈಕಲ್ ತಿರುಗಿಸಿದ. ಓಣಿಯೊಳಗೆ ಬರುತ್ತಿದ್ದಂತೆ ಕಿವಿ ನಿಮಿರಿತು. ಹೂರ್... ಕೆಟೆಕುಕ್. ಎಳೆಯ ದನಿ, ಆದರೆ ಗಟ್ಟಿ. ತನ್ನದೇ ಅಂಗಳ! ಮತ್ತೊಮ್ಮೆ ಹೂರ್ ಎಂದದ್ದು ಅರ್ಧಕ್ಕೇ ನಿಂತಿತು. ಸೈಕಲ್ ಬಿಸಾಡಿ ಒಳಗೆ ಓಡಿದ. ಮುರ್ನಿ ಪಂಜರದ ಮೇಲೆ ಕರಿ ಬಟ್ಟೆ ಎಳೆಯುತ್ತಿದ್ದಳು.

"ಮುರ್ನಿ! ಕೂಗ್ತು ಅಲ್ವಾ?"

"ಹೂಂ."

"ಯಾವತ್ತಿಂದ?"

"ತುಂಬಾ ದಿನ ಆಯ್ತು, ಮಾಸ್," ಎಂದಳು, ಗಂಡನನ್ನು ಎಂದಿನಂತೆ ಕರೆದು. "ನಿಮ್ ಸೈಕಲ್ ತಿರುವು ದಾಟೋದೇ ತಡ, ಶುರು ಮಾಡುತ್ತೆ. ನೀವು ಕಣ್ಣು ಬಿಟ್ಕೊಂಡು ಎದುರಿಗೆ ಕೂತಿದ್ರೆ ಅದಕ್ಕೆ ಹೆದರಿಕೆ."

"ಮತ್ತೆ ನನಗೆ ಯಾಕೆ ಹೇಳ್ಲಿಲ್ಲ? ನಾನಿಲ್ಲಿ ಹುಚ್ಚನ ಹಾಗೆ..." ಅವನ ದನಿ ಏರಿತು. "ಬಟ್ಟೆ ಬೇರೆ ಮುಚ್ತೀಯಾ? ನಿನ್ನ ಅಪ್ಪ ಬರೋದು ನಿನಗೆ ಬೇಡ್ವಾ?"

ಮುರ್ನಿ ಬಟ್ಟೆಯ ಅಂಚನ್ನು ಬಿಡಲಿಲ್ಲ.

"ಹೊಟ್ಟೆಲಿದ್ದ ಮಗು ಹೋದಾಗ ಜ್ವರದಲ್ಲಿ ನಾನು ಬಾಪಕ್ ಬಾಪಕ್ ಅಂತ ಕೂಗಿದ್ದು ನೆನಪಿದ್ಯಾ? ನೀವೇ ಹೋಗಿ ಹೇಳಿ ಬಂದ್ರಲ್ಲ. ಬಂದ್ರಾ? ಈಗ ಹಿಡಿಯಷ್ಟು ಹಕ್ಕಿ ಕೂಗಿದ್ರೆ ಬರ್ತಾರಂತೆ. ಅವರು ಇಲ್ಲಿ ಕೂತು ಹಕ್ಕಿ ಕೇಳ್ತಾ ಇದ್ರೆ ನಾನು ಚಹಾ ತಂದು ಕೊಡ್ಬೇಕು, ಅಲ್ವಾ?"

ಇಷ್ಟು ದಿನ ಮರಿಯ ಚೀಲ ಒತ್ತಿ ನೋಡಿದವನು ಹೆಂಡತಿಯ ಮುಖ ನೋಡಿರಲಿಲ್ಲ ಎಂದು ಸಮಿರಾನನಿಗೆ ನಾಚಿಕೆಯಾಯಿತು. ಬ್ಲೇಡಿನ ಪೊಟ್ಟಣವನ್ನು ಎರಡನೆಯ ಸಲವೂ ಮರೆತು ಸೈಕಲ್ ಹತ್ತಿದ. ಸಂತೆಯ ಕಡೆಗೆ ಹೋಗಲಿಲ್ಲ.

ಬಾಪಕ್ ಮರ್ತೊ ಜಗಲಿಯ ಮೇಲೆ ಕಾಳು ಕೇರುತ್ತಿದ್ದರು. ಅಳಿಯ ಬಂದದ್ದು ಕಂಡು ಮೊರ ಕೆಳಗಿಟ್ಟರು.

"ಕೂಗ್ತಾ?"

"ಹಕ್ಕಿ ವಿಷಯಕ್ಕೆ ಬಂದಿಲ್ಲ, ಬಾಪಕ್," ಎಂದ ಸಮಿರಾನ್. "ಅದು ಕೂಗ್ಲಿ ಬಿಡ್ಲಿ. ಮುರ್ನಿ ಕೂಗಿದ ದಿನ ನೀವು ಬರ್ಬೇಕಿತ್ತು. ಹಕ್ಕಿಗೋಸ್ಕರ ಬರೋದಾದ್ರೆ ಬರ್ಬೇಡಿ. ಮರಿ ವಾಪಸ್ ತಂದು ಕೊಡ್ತೀನಿ."

ಮೇಲೆ ಗಳುಗಳ ತುದಿಯಲ್ಲಿ ಹಕ್ಕಿಗಳು ಒಂದಾದ ಮೇಲೊಂದು ಕೂಗುತ್ತಿದ್ದವು.

"ನೀನು ಸಂತೆಗೆ ಹೋದ್ಮೇಲೆ ನಿಮ್ಮ ಓಣಿ ತುದಿ ಕಾಫಿ ಅಂಗಡೀಲಿ ದಿನಾ ಕೂತು ಕೇಳ್ತಿದೀನಿ ಕಣೋ," ಎಂದರು ಮುದುಕರು. "ಒಳ್ಳೆ ಗಂಟಲು. ಅರ್ಧ ಕೂಗಿ ನಿಂತ್ಹೋಗುತ್ತೆ. ತಾನಾಗೇ ನಿಲ್ಸೋ ಹಕ್ಕಿ ಹಾಗೆ ನಿಲ್ಸಲ್ಲ. ಯಾರೋ ಬಟ್ಟೆ ಹಾಕ್ತಿದಾರೆ. ಯಾರು ಅಂತಾನೂ ಗೊತ್ತು." ಮೊರದ ಕಾಳಿನಲ್ಲಿ ಬೆರಳಾಡಿಸಿದರು. "ಹೆದರಿದ್ದೆ ನಾನು. ಲೆಕ್ಕದಲ್ಲಿ ಸಾವು ಬಂದಿತ್ತಲ್ಲ. ನಾನು ಹೊಸ್ತಿಲು ತುಳಿದ ದಿನಾನೇ ಅವಳಿಗೇನಾದ್ರೂ ಆದ್ರೆ ಅಂತ. ಮಗು ಹೋದ್ಮೇಲೆ ಯಾವ ಮುಖ ಇಟ್ಕೊಂಡು ಬರ್ಲಿ? ಒಂದು ನೆಪ ಬೇಕಿತ್ತು."

"ಈಗ ಬನ್ನಿ."

ಸೈಕಲ್ಲಿನ ಹಿಂದೆ ಕೂತು ಬಂದರು. ಅಂಗಳದಲ್ಲಿ ಪಂಜರ ತೂಗುತ್ತಿತ್ತು. ಬಟ್ಟೆ ತೆಗೆದಿತ್ತು, ಮರಿ ಇಬ್ಬರನ್ನೂ ಕಂಡು ಮುದುಡಿ ಕೂತಿತು. ಬಾಪಕ್ ಮರ್ತೊ ಅದರ ಕಡೆ ತಿರುಗಿಯೂ ನೋಡಲಿಲ್ಲ. ಹೊಸ್ತಿಲ ಮುಂದೆ ಚಪ್ಪಲಿ ಬಿಟ್ಟು ನಿಂತರು, ಒಂದು ಕಾಲು ಎತ್ತಿದರು, ಮತ್ತೆ ಕೆಳಗಿಟ್ಟರು.

"ಮುರ್ನೀ..."

ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚುವ ಸದ್ದು ನಿಂತಿತು. ಯಾರೂ ಹೊರಗೆ ಬರಲಿಲ್ಲ. ಸಮಿರಾನನಿಗೆ ಒಳಗೆ ಓಡಿಹೋಗಿ ಅವಳನ್ನು ಎಳೆದು ತರಬೇಕೆನ್ನಿಸಿತು. ಕೈ ಕಟ್ಟಿ ನಿಂತ. ಹಕ್ಕಿ ಸಾಕಿ ಅಷ್ಟನ್ನಾದರೂ ಕಲಿತಿದ್ದ.

"ಮುರ್ನಿ, ನಾನು ಕಣೆ, ಬಾಪಕ್."

"ಕೇಳಿಸ್ಲಿಲ್ಲ," ಎಂದಳು ಒಳಗಿನಿಂದ. ಅಳುತ್ತಿದ್ದಳು.

ಮುದುಕರು ಹೊಸ್ತಿಲು ದಾಟಿದರು. ಇನ್ನೊಮ್ಮೆ, ಇಡೀ ಓಣಿಗೆ ಕೇಳುವ ಹಾಗೆ, ಮಗಳ ಹೆಸರು ಕೂಗಿದರು.