ಹತ್ತರಲ್ಲಿ ಐದು ಪದ

ತಂಡದ ತರಬೇತಿ ಶಿಬಿರಕ್ಕೆ ಹೊರಡಲು ನಾಲ್ಕು ದಿನ ಉಳಿದಿದ್ದವು. ಭೀಮನಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಹೊಳೆನರಸೀಪುರದ ಬಾಡಿಗೆ ಮನೆಯ ಹಾಲಿನಲ್ಲಿ ಅತ್ತಿಂದಿತ್ತ ತಿರುಗಿದ, ಕಟ್ಟಿಟ್ಟ ಬ್ಯಾಗನ್ನು ಬಿಚ್ಚಿ ಮತ್ತೆ ಕಟ್ಟಿದ. ಕಡೆಗೆ ಮೂರನೇ ತರಗತಿಯ ನೋಟ್‌ಬುಕ್ಕುಗಳನ್ನು ತಿದ್ದುತ್ತಿದ್ದ ಹೆಂಡತಿ ನಾಗಲಕ್ಷ್ಮಿಯ ಮುಂದೆ ಒಂದು ಚೀಟಿ ಹಿಡಿದು ನಿಂತ.

"ಟೀಚರಮ್ಮ, ಇದರಾಗಿರೋ ಹತ್ತು ಪದ ಓದು. ನಾನು ಐದು ಮಾತ್ರ ಏಳ್ತೀನಿ. ಜಾಸ್ತಿ ಬಾಯಿಗೆ ಬಂದ್ರೆ ಬಯ್ಯಿ."

"ಕಮ್ಮಿ ಹೇಳಿದ್ರೆ ಬಯ್ಯೋದು ನನ್ನ ಕೆಲಸ. ಇದ್ಯಾವ ಊರ ಇಸ್ಕೂಲು?"

ಭೀಮ ಪುಣೆಯ ತಂಡವೊಂದರಲ್ಲಿ ಸಂಬಳಕ್ಕೆ ರಗ್ಬಿ ಆಡುತ್ತಿದ್ದ. ಇದು ಆರನೆಯ ವರ್ಷ. ಅದಕ್ಕೂ ಮೊದಲು ಅವನು ತನ್ನೂರು ಕಟ್ಟಾಯದ ಮಣ್ಣಿನಂಗಳದ ಕಬಡ್ಡಿಯವನು. ಅಲ್ಲಿ ಎದುರಾಳಿಯ ಕಾಲಿಗೆ ಬಿದ್ದು, ದಾರಿ ಕಟ್ಟುವಂತೆ ತಲೆಯನ್ನು ಅವನ ಮುಂದಕ್ಕೇ ಒಡ್ಡಿ ಹಿಡಿಯುವವನು ಶೂರ. ರಗ್ಬಿಯಲ್ಲಿ ಓಡಿ ಬರುವವನನ್ನು ಹಿಡಿದು ಕೆಡವುವಾಗ ತಲೆ ಅವನ ಸೊಂಟದ ಹಿಂಬದಿಗೆ ಸರಿಯಬೇಕು. ಇಲ್ಲದಿದ್ದರೆ ಮಂಡಿ ಬಂದು ತಲೆಗೆ ಬಡಿಯುತ್ತದೆ. ತರಬೇತುದಾರರು ನೂರು ಸಲ ಹೇಳಿದರು. ಹತ್ತನೆಯ ವಯಸ್ಸಿನಲ್ಲಿ ಮೈ ಕಲಿತದ್ದನ್ನು ಇಪ್ಪತ್ತನಾಲ್ಕರ ಬುದ್ಧಿ ಮರೆಸಲಾರದೆ ಹೋಯಿತು. ಮೂರು ಸಲ ಅವನನ್ನು ಮೈದಾನದಿಂದ ಹೊತ್ತು ತಂದಿದ್ದರು. ತಾನೇ ಎದ್ದು ಓಡಿದ ಏಟುಗಳಿಗೆ ಲೆಕ್ಕವಿರಲಿಲ್ಲ.

ಇಂಥ ಏಟಿಗೆಂದೇ ಒಂದು ಪರೀಕ್ಷೆಯಿತ್ತು. ವರ್ಷಾರಂಭದ ಶಿಬಿರದಲ್ಲಿ ವೈದ್ಯರು ಹತ್ತು ಪದ ಓದುತ್ತಾರೆ, ಆಟಗಾರ ನೆನಪಿನಿಂದ ಹೇಳಬೇಕು; ಅಂಕ ದಾಖಲಾಗುತ್ತದೆ. ಆಮೇಲೆ ತಲೆಗೆ ಏಟು ಬಿದ್ದಾಗ ಮತ್ತೆ ಅದೇ ಬಗೆಯ ಪರೀಕ್ಷೆ. ಅಂಕ ಇಳಿದಿದ್ದರೆ ವಾರಗಟ್ಟಲೆ ಹೊರಗೆ. ಅಷ್ಟರಲ್ಲಿ ಅವನ ಜಾಗಕ್ಕೆ ಇನ್ನೊಬ್ಬ ಬಂದಿರುತ್ತಾನೆ. ಭೀಮನನ್ನು ಕಬಡ್ಡಿಯಿಂದ ರಗ್ಬಿಗೆ ಕರೆದೊಯ್ದ ಚನ್ನರಾಯಪಟ್ಟಣದ ಅನಿಲ್‌ಕುಮಾರ್, ತಂಡದ ಹಿರಿಯ, ಮೊದಲ ವರ್ಷವೇ ಉಪದೇಶ ಮಾಡಿದ್ದ: "ಶುರುವಿನಾಗೇ ದಡ್ಡನಾಗ್ಬುಡು ಕಣ್ಲಾ. ಆಮೇಲೆ ಎಷ್ಟು ಏಟು ಬಿದ್ರೂ ನಂಬರ್ ಇಳಿಯಾಕಿಲ್ಲ."

ಮನುಷ್ಯನ ಮೆದುಳನ್ನು ಕಾಯಲು ಮಾಡಿದ ನಿಯಮವನ್ನು ಆ ಮನುಷ್ಯನೇ ವಂಚಿಸದೆ ಅನ್ನ ಹುಟ್ಟದು ಎಂಬ ಸ್ಥಿತಿ ತಂದವರು, ಗೆದ್ದ ದಿನ ವೇದಿಕೆಯ ಮೇಲೆ ಶಿಸ್ತಿನ ಬಗ್ಗೆ ಭಾಷಣ ಮಾಡುತ್ತಿದ್ದರು. ಕೆಳಗೆ ನಿಂತು ಚಪ್ಪಾಳೆ ತಟ್ಟಿದವರಲ್ಲಿ ಭೀಮನೂ ಒಬ್ಬ. ಅವನನ್ನೂ ನಿರಪರಾಧಿ ಎನ್ನಲಾಗದು. ಐದು ವರ್ಷ, ಹತ್ತೂ ಗೊತ್ತಿದ್ದು ಐದು ಹೇಳಿದ್ದ.

ನಾಗಲಕ್ಷ್ಮಿ ಎಲ್ಲವನ್ನೂ ಕೇಳಿ ಚೀಟಿಯನ್ನು ಮಗುಚಿಟ್ಟಳು. "ಸುಳ್ಳು ಹೇಳೋದಕ್ಕೆ ನಾನು ಪಾಠ ಮಾಡಲ್ಲ. ನಿಜವಾಗಿ ಎಷ್ಟು ಬರುತ್ತೆ, ಅದನ್ನ ಮೊದಲು ಹೇಳಿ."

"ಹತ್ತೂ ಬತ್ತದೆ ಕಣೆ."

ಅವಳು ತನಗೆ ತೋಚಿದ ಪದಗಳನ್ನು ನಿಧಾನವಾಗಿ ಹೇಳಿದಳು: ಸೇತುವೆ, ಮೆಣಸು, ಕನ್ನಡಿ, ಗೋಣಿ, ಬೆರಳು, ಹಗ್ಗ, ಕುರ್ಚಿ, ದೀಪ, ತೆಂಗು, ಗಾಳಿ.

"ಗಾಳಿ, ತೆಂಗು, ಸೇತುವೆ..." ಭೀಮ ನಿಂತ. "ಕನ್ನಡಿ." ಬಹಳ ಹೊತ್ತಿನ ಮೇಲೆ, "ಹಗ್ಗ."

"ನಾಟಕ ಆಡ್ತಿದ್ದೀರಾ?"

"ಇಲ್ಲ. ಇನ್ನೊಂದ್ಸಲ ಏಳು, ಬ್ಯಾರೆ ಪದ."

ಬೇರೆ ಹತ್ತು ಹೇಳಿದಳು. ನಾಲ್ಕು ಬಂದವು. ಮೂರನೆಯ ಸಲ ಕಣ್ಣು ಮುಚ್ಚಿ, ಮುಷ್ಟಿ ಬಿಗಿದು, ಮೈಯ ಶಕ್ತಿಯನ್ನೆಲ್ಲ ಒಟ್ಟುಗೂಡಿಸಿ ಹೇಳಿದ. ಐದು.

"ನಮ್ಮ ಕ್ಲಾಸಿನ ಪ್ರೇಕ್ಷಾ ಎಂಟು ಹೇಳ್ತಾಳೆ," ಎಂದವಳು, ಮಾತು ಮುಗಿಸುವಷ್ಟರಲ್ಲಿ ಅದನ್ನಾಡಬಾರದಿತ್ತೆಂದು ನಾಲಿಗೆ ಕಚ್ಚಿಕೊಂಡಳು.

ಭೀಮ ಅಂಗಳಕ್ಕೆ ಹೋಗಿ ಅನಿಲ್‌ಕುಮಾರನಿಗೆ ಫೋನು ಮಾಡಿದ. "ಅಣ್ಣ, ನಾಟ್ಕ ಇಲ್ದೇನೂ ಐದೇ ಬತ್ತಾವೆ."

ಅತ್ತಲಿಂದ ನಗು. "ಅಂಗಾದ್ರೆ ಒಳ್ಳೇದೇ ಆತಲ್ಲ ಕಣ್ಲಾ. ನಾಟ್ಕದ ಕಷ್ಟ ತಪ್ತು. ಹಳೇದೂ ಐದು, ಈಗ್ಲೂ ಐದು. ಪಾಸು. ಸುಮ್ನೆ ಬಂದ್ಬುಡು."

ಆ ನಗುವಿನಲ್ಲೇ ಭೀಮನಿಗೆ ಎಲ್ಲ ನಿಚ್ಚಳವಾಯಿತು. ಅವನ ಮೆದುಳಿಗಾದ ಕೇಡು ಕಾಗದದ ಮೇಲೆ ಅವನ ಹುಟ್ಟುಗುಣವಾಗಿ ಕೂತಿತ್ತು. ಈಗ ಪ್ರಾಮಾಣಿಕವಾಗಿ ಪರೀಕ್ಷೆ ಕೊಟ್ಟರೂ ಅವನು ಆರೋಗ್ಯವಂತನೇ. ಹಳೆಯ ಸುಳ್ಳನ್ನು ಸುಳ್ಳೆಂದು ತಾನೇ ಒಪ್ಪದ ಹೊರತು ಯಾವ ವೈದ್ಯನಿಗೂ ಗೊತ್ತಾಗದು. ಒಪ್ಪಿದರೆ ಆಟ ಮುಗಿಯಿತು.

ಗೇಟಿನವರೆಗೆ ಹೋದ, ತಿರುಗಿ ಬಂದ, ಮತ್ತೆ ಹೋದ. ನಾಗಲಕ್ಷ್ಮಿ ಬಾಗಿಲಿಗೆ ಬಂದು ನಿಂತಳು.

"ಏಳಿದ್ರೆ ಕರಾರು ಓಗ್ತದೆ," ಎಂದ.

"ಹೋಗ್ಲಿ."

"ನಂಗೆ ಬ್ಯಾರೆ ಏನೂ ಬರಾಕಿಲ್ಲ ನಾಗಿ."

"ಬರ್ತಿದ್ದಿದ್ದೂ ಹೋಗ್ತಾ ಇದೆಯಲ್ಲ."

ಅವನು ನಿಂತಲ್ಲೇ ಫೋನಿನಲ್ಲಿ ಒಂದೆರಡು ಹೆಸರು ಸರಿಸಿ, ತಂಡದ ವೈದ್ಯ ಅಮರನಾಥರ ನಂಬರು ಒತ್ತಿದ. ಅರಕಲಗೂಡಿನ ಕಡೆಯವರು, ಕನ್ನಡದಲ್ಲೇ ಮಾತು.

"ಸಾ, ನಂದು ಹಳೇ ಅಂಕ ಎಲ್ಲಾ ಸುಳ್ಳು. ಬೇಕಂತ್ಲೇ ಐದು ಏಳಿದ್ದೆ. ಈಗ ನಿಜವಾಗೂ ಐದೇ."

ವೈದ್ಯರು, ಶಿಬಿರಕ್ಕೆ ಬರಬೇಡ, ನಾಳೆಯೇ ಹಾಸನದಲ್ಲಿ ತಲೆಯ ಸ್ಕ್ಯಾನ್ ಮಾಡಿಸು ಎಂದರು. ಆಮೇಲೆ ಕೇಳಿದರು: "ಇದನ್ನ ನಿನಗೆ ಯಾರು ಹೇಳಿಕೊಟ್ಟರು?"

ಭೀಮ ಮತ್ತೆ ಗೇಟಿನ ಕಡೆ ನಡೆದ. ಅನಿಲ್‌ಕುಮಾರನೂ ಕಳೆದ ವರ್ಷ ಒಂದೇ ಪಂದ್ಯದಲ್ಲಿ ಎರಡು ಸಲ ತಲೆಗೆ ಏಟು ತಿಂದು ಬಿದ್ದಿದ್ದ. ಊಟದ ಮನೆಯಲ್ಲಿ ಒಂದೇ ಸಂಗತಿಯನ್ನು ಮೂರು ಸಲ ಹೇಳುತ್ತಿದ್ದ, ಎಲ್ಲರೂ ನಗುತ್ತಿದ್ದರು.

"ಒಬ್ರ ಎಸರು ಏಳಾಕಿಲ್ಲ ಸಾ," ಎಂದ ಭೀಮ. "ಇಡೀ ಟೀಮಿಗೆ ಸ್ಕ್ಯಾನ್ ಮಾಡ್ಸಿ. ಅನಿಲಣ್ಣನಿಗೆ ಮೊದ್ಲು ಮಾಡ್ಸಿ."