ಬಾಕಿ ಉಳಿದ ನಗರಮಲೆ

ಫ್ರೀಜರ್ ಪೆಟ್ಟಿಗೆಯ ಗಾಜಿಗೆ ಮತ್ತೆ ಆವಿ ಹಿಡಿದಿತ್ತು. ಕೃಪಾ ದುಪಟ್ಟಾದ ತುದಿಯಿಂದ ಒರೆಸಿದಳು. ಅಪ್ಪನ ಮುಖ ಕಂಡಿತು. ಒರೆಸಿ ಕೈ ತೆಗೆಯುವಷ್ಟರಲ್ಲಿ ಗಾಜು ಮತ್ತೆ ಮಸುಕಾಗತೊಡಗಿತು. ಬಾಡಿಗೆಗೆ ತಂದ ಪೆಟ್ಟಿಗೆ. ಅದರ ಮೋಟಾರು ಹಳೇ ಬಸ್ಸಿನ ಹಾಗೆ ಗುರುಗುಟ್ಟುತ್ತಿತ್ತು.

"ಬಿಡೇ ಕೃಪಾ, ಎಷ್ಟು ದಪ ಒರೆಸ್ತೀಯ," ಎಂದರು ಗೋವಿಂದಮ್ಮ. ತೀರಿಕೊಂಡ ಪುರಂದರರ ಅಕ್ಕ. ಸುದ್ದಿ ತಿಳಿದು ಪಾಪಿರೆಡ್ಡಿಪಟ್ಟಿಯಿಂದ ಮೊದಲ ಬಸ್ಸು ಹಿಡಿದು ಸೇಲಂಗೆ ಬಂದಿದ್ದರು.

"ಅಮ್ಮನಿಗೆ ಮುಖ ಕಾಣ್ಬೇಕಲ್ಲ ಅತ್ತೆ."

ಅಮ್ಮ ನೋಡುತ್ತಿರಲಿಲ್ಲ. ಶಾಂತಾಬಾಯಿ ಗೋಡೆಗೆ ಒರಗಿ, ನೋಯುವ ಕಾಲು ನೀಡಿಕೊಂಡು ಕೂತು, ಬಂದವರಿಗೆಲ್ಲ ಒಂದೇ ಮಾತು ಹೇಳುತ್ತಿದ್ದರು.

"ಸುತ್ತಾ ಇರೋ ಬೆಟ್ಟ ಒಂದೂ ಬಿಡ್ಲಿಲ್ಲ. ಎಲ್ಲಾದ್ರ ಮೇಲೂ ಓಗಿ ನಿಂತು ಬಂದ್ರು. ಒಂದಕ್ಕಾದ್ರೂ 'ನೀನೂ ಬಾ ಶಾಂತಾ' ಅನ್ಲಿಲ್ಲ. ಮೊಟ್ಟೆಮಾಡಿ ಮೇಲೆ, ಈ ತಾರಸಿ ಮೇಲೆ, ತಟ್ಟೆ ಇಡ್ಕೊಂಡು ನಿಂತಿದ್ದೇ ನನ್ ಪಾಲಿಗೆ ಬಂತು."

ಬಂದವರು ತಲೆಯಾಡಿಸುತ್ತಿದ್ದರು. ಗಂಡನನ್ನು ಕಳೆದುಕೊಂಡ ಹೆಂಗಸು, ಏನೋ ಹೇಳುತ್ತಾಳೆ ಎಂದು ಸುಮ್ಮನಾಗುತ್ತಿದ್ದರು. ಆ ಮಾತು ನಿಜವಲ್ಲ ಎಂದು ಆ ಮನೆಯಲ್ಲಿ ಗೊತ್ತಿದ್ದದ್ದು ಇಬ್ಬರಿಗೆ. ಒಬ್ಬರು ಪೆಟ್ಟಿಗೆಯೊಳಗಿದ್ದರು. ಇನ್ನೊಬ್ಬಳು ಗಾಜು ಒರೆಸುತ್ತಿದ್ದಳು.

ತಮ್ಮ ಶಶಾಂಕ ಕೈಗೆಲ್ಲ ಅಂಟು ಮೆತ್ತಿಕೊಂಡು ಒಳಗೆ ಬಂದ. ಬೀದಿಯ ತಿರುವಿನ ಗೋಡೆಗೆ 'ಕಣ್ಣೀರ್ ಅಂಜಲಿ' ಪೋಸ್ಟರ್ ಅಂಟಿಸಿ ಬಂದಿದ್ದ. ಅಲ್ಲಿ ಯಾರು ಸತ್ತರೂ ಮುಖ ಆ ಗೋಡೆಗೆ ಬರಲೇಬೇಕು.

"ನೀನು ಪಾಲಮಲೆ ಮೇಲೆ ತೆಗೆದ ಫೋಟೋನೇ ಹಾಕಿಸ್ದೆ ಅಕ್ಕಾ. ಅದೇ ಚೆನ್ನಾಗೈತೆ. ಆದ್ರೆ ಅಪ್ಪ ಕ್ಯಾಮೆರಾನೇ ನೋಡಿಲ್ಲ, ಎಂಗೋ ಪಾತ್ತುಟ್ಟು ಇರುಕ್ಕಾರು."

ಆ ಫೋಟೋದಲ್ಲಿ ಅಪ್ಪ ಎಲ್ಲಿ ನೋಡುತ್ತಿದ್ದರು ಎಂಬುದು ಕೃಪಾಗೆ ಚೆನ್ನಾಗಿ ಗೊತ್ತಿತ್ತು. ಅವಳು ಬಗ್ಗಿ ಮತ್ತೆ ಗಾಜು ಒರೆಸಿದಳು.

* * *

ಪುರಂದರ ಶಂಕಗಿರಿಯ ಒಂದು ಲಾರಿ ಕಚೇರಿಯಲ್ಲಿ ಬುಕಿಂಗ್ ಗುಮಾಸ್ತರಾಗಿದ್ದವರು. ಬೆಳಿಗ್ಗೆ ಬಸ್ಸು ಹತ್ತಿ ಹೋಗುವುದು, ಕತ್ತಲಾದ ಮೇಲೆ ಬರುವುದು. ದಿಲ್ಲಿಗೆ, ಕಲ್ಕತ್ತಾಗೆ, ಗುವಾಹಟಿಗೆ ಲೋಡು ಕಳಿಸಿದ ಮನುಷ್ಯ ತಾವು ಹೊಸೂರು ದಾಟಿದ್ದು ಒಂದೇ ಸಲ, ಅದೂ ಯಾರದೋ ಮದುವೆಗೆ. ಮಾಲೀಕರು ಏನು ಹೇಳಿದರೂ "ಸರಿ, ನೀವು ಹೇಳಿದ್ರೆ ಸರಿ" ಎನ್ನುತ್ತಲೇ ಸರ್ವೀಸು ಮುಗಿಸಿದರು.

ನಿವೃತ್ತಿಯಾದ ಮರುದಿನ ಕಾಫಿ ಲೋಟ ಹಿಡಿದು ತಾರಸಿಗೆ ಹೋದವರು ಬೆರಗಾಗಿ ನಿಂತುಬಿಟ್ಟರು. ಸುತ್ತಲೂ ಬೆಟ್ಟಗಳು. ಅಳಗಾಪುರದ ಆ ಮನೆಯಲ್ಲಿ ಅಷ್ಟು ವರ್ಷ ಮಲಗಿ ಎದ್ದವರಿಗೆ ಅವು ಅಲ್ಲಿದ್ದದ್ದೇ ಗೊತ್ತಿರಲಿಲ್ಲ. ಗೊತ್ತಾಗಲು ಹಗಲು ಹೊತ್ತು ಮನೆಯಲ್ಲಿದ್ದರೆ ತಾನೆ!

ಅವತ್ತೇ ತೀರ್ಮಾನಿಸಿದರು: ತಾರಸಿಯಿಂದ ಕಾಣುವ ಬೆಟ್ಟಗಳನ್ನೆಲ್ಲ ಹತ್ತಬೇಕು. ಕಾಣದ್ದು ಲೆಕ್ಕಕ್ಕಿಲ್ಲ. ಅದೂ ಕಾರ್ತಿಕ ದೀಪದಿಂದ ತೈ ತಿಂಗಳು ಮುಗಿಯುವವರೆಗಿನ ಚಳಿಯಲ್ಲಿ ಮಾತ್ರ. ಆಮೇಲೆ ಆ ಬಂಡೆಗಳ ಮೇಲೆ ದೋಸೆ ಹುಯ್ಯಬಹುದು. ಜೊತೆಗೆ ಅದೇ ಬೀದಿಯ ಬೈಕ್ ಮೆಕ್ಯಾನಿಕ್ ರಾಜಾ. ಕಂಜಮಲೆ, ಜರುಗುಮಲೆ, ಗೋದುಮಲೆ, ಶೇರ್ವರಾಯನ್ ನೆತ್ತಿ, ಹೆಸರು ಕೇಳಿರದ ಇನ್ನೆಷ್ಟೋ ಗುಡ್ಡಗಳು. ಚಳಿಗಾಲಗಳು ಕಳೆದಂತೆ ಒಂದೊಂದೇ ಮುಗಿಯುತ್ತ ಬಂದವು. ಬೀದಿಯವರು ಆಡಿಕೊಂಡು ನಕ್ಕರು, ಆಮೇಲೆ ಈ ವಾರ ಯಾವುದು ಸಾರ್ ಎಂದು ಕೇಳತೊಡಗಿದರು.

ತುದಿ ಮುಟ್ಟಿದ ಮೇಲೆ ಒಂದು ಕೆಲಸವಿತ್ತು. ಶಾಂತಾಬಾಯಿಯ ಕುಂಕುಮದ ಡಬ್ಬಿಯಿಂದ ಕಿತ್ತ ಪುಟ್ಟ ಕನ್ನಡಿಯನ್ನು ಜೇಬಿನಿಂದ ತೆಗೆದು, ಬಿಸಿಲಿಗೆ ಹಿಡಿದು, ಮನೆಯ ಕಡೆಗೆ ಮಿಂಚಿಸುವುದು. ತಾರಸಿಯಲ್ಲಿ ಕಾದಿರುವ ಹೆಂಡತಿ ಅವರ ಊಟದ ಸ್ಟೀಲ್ ತಟ್ಟೆಯನ್ನು ಆಡಿಸಿ ಉತ್ತರ ಕೊಡುವುದು. ಉತ್ತರ ಬಂದರೆ ಮಾತ್ರ ಆ ಬೆಟ್ಟ ಹತ್ತಿದ ಹಾಗೆ.

"ಫೋನ್ ಐತಲ್ಲ ಅಪ್ಪಾ," ಎಂದಿದ್ದಳು ಕೃಪಾ.

"ಫೋನಲ್ಲಿ ಎಲ್ಲಿದ್ಕೊಂಡ್ ಬೇಕಾದ್ರೂ ಎಲ್ಲೋ ಇದೀನಿ ಅನ್ಬೋದು. ಬೆಳಕು ನಾವು ನಿಂತ ಜಾಗದಿಂದ್ಲೇ ಬರೋದು."

ಶಾಂತಾಬಾಯಿ ಗೊಣಗುತ್ತಿದ್ದರು. ಒಮ್ಮೆ ಹಾಲು ಉಕ್ಕಿ ಒಲೆಯೆಲ್ಲ ಆಗಿತ್ತು, ಒಮ್ಮೆ ಪಲ್ಯ ಸೀದಿತ್ತು. ಆದರೂ ಒಂದು ಭಾನುವಾರವೂ ತಪ್ಪಿಸಲಿಲ್ಲ.

* * *

"ವಂಡಿ ಕಿಳಂಬಿಡುಚ್ಚಾಂ," ಎಂದ ರಾಜಾ, ಹಾರ ಹಿಡಿದು ಒಳಗೆ ಬರುತ್ತ. ಶವದ ಗಾಡಿ ಹೊರಟಿದೆಯಂತೆ. ಅವನ ಕಣ್ಣು ಕೆಂಪಗಿತ್ತು. "ಬೇಗ ಬೇಗ ಆಗ್ಲಿ ಅಕ್ಕಾ."

ಪೆಟ್ಟಿಗೆಯ ಮುಚ್ಚಳ ತೆಗೆದರು. ಸ್ನಾನವಾಯಿತು, ಹೊಸ ಪಂಚೆಯಾಯಿತು. ಬಾಯಿಗೆ ಅಕ್ಕಿ ಹಾಕುವ ಹೊತ್ತು ಬಂತು. ಶಶಾಂಕ ಹಾಕಿದ, ಗೋವಿಂದಮ್ಮ ಹಾಕಿದರು, ಕೃಪಾ ನಾಲ್ಕು ಕಾಳು ಹಾಕಿದಳು.

"ಶಾಂತಾ, ಬಾ. ನೀನು ಆಕು."

ಶಾಂತಾಬಾಯಿ ಕದಲಲಿಲ್ಲ.

"ನಾನ್ಯಾಕೆ ಅತ್ತಿಗೆ? ಬೆಟ್ಟಕ್ಕೆ ಬೇಡವಾದೋಳು ಈಗ ಅಕ್ಕಿಗೆ ಬೇಕಾದ್ನಾ?"

ಪೆಟ್ಟಿಗೆಯ ಮೋಟಾರು ನಿಂತದ್ದು ಆಗ ಎಲ್ಲರಿಗೂ ಗೊತ್ತಾಯಿತು.

"ಎಂಗಮ್ಮಾ ಅಂಗಂತೀಯ," ಎಂದರು ಗೋವಿಂದಮ್ಮ. "ಎಂಡ್ತಿ ಅಕ್ಕಿ ಆಕ್ದೆ ನನ್ ತಮ್ಮನ್ನ ಎಂಗೆ ಕಳ್ಸೋದು? ಅಸ್ಕೊಂಡು ಓಗ್ತಾನಾ ಅವ್ನು?"

"ನಂಗೆ ಕೈ ಬರ್ತಿಲ್ಲ." ಶಾಂತಾಬಾಯಿ ಗೋಡೆ ಹಿಡಿದು ಎದ್ದು, ಕುಂಟುತ್ತ ಅಡುಗೆಮನೆಗೆ ಹೋಗಿಬಿಟ್ಟರು.

ಎಲ್ಲರೂ ಕೃಪಾಳನ್ನು ನೋಡಿದರು. ಮಗಳು ಹೋಗಿ ಸಮಾಧಾನ ಮಾಡಲಿ ಎಂದಷ್ಟೇ ಆ ನೋಟದ ಅರ್ಥ. ಅವಳಿಗೆ ಮಾತ್ರ ಎಲ್ಲರೂ ತಿಳಿದೇ ನೋಡುತ್ತಿದ್ದಾರೆ ಅನ್ನಿಸಿತು.

* * *

ಈ ಸಲದ ಕಾರ್ತಿಕದಲ್ಲಿ, ದೀಪ ಹಚ್ಚಿದ ಮರುದಿನ, ಅಪ್ಪ ಅವಳನ್ನು ತಾರಸಿಗೆ ಕರೆದು ಬೀದಿಯ ಕೊನೆಯಾಚೆ ತೋರಿಸಿದ್ದರು. "ಇನ್ನು ಅದೊಂದೇ ಬಾಕಿ."

ನಗರಮಲೆ. ಎಲ್ಲಕ್ಕಿಂತ ಹತ್ತಿರದ್ದು, ಎಲ್ಲಕ್ಕಿಂತ ಗಿಡ್ಡ.

"ಇದನ್ನ ಯಾಕೆ ಬಿಟ್ಟಿದ್ರಿ ಇಷ್ಟು ದಿನ?"

"ಬಿಟ್ಟಿಲ್ಲಮ್ಮ, ಎತ್ತಿಟ್ಟಿದೀನಿ. ನಿಮ್ಮಮ್ಮಂಗೆ." ಹುಡುಗನ ಹಾಗೆ ನಾಚಿಕೊಂಡರು. "ಅವ್ಳು ಎಲ್ಲೆಲ್ಲಿ ಕೂತು ಸುಧಾರಿಸ್ಕೋಬೋದು ಅಂತ ನಾನೂ ರಾಜಾನೂ ಅರ್ಧ ದಾರಿ ಓಗಿ ನೋಡ್ಕೊಂಡ್ ಬಂದ್ವಿ. ಅವ್ನಿಗೂ ಯಾಕೆ ಅಂತ ಏಳಿಲ್ಲ. ಇಷ್ಟು ವರ್ಷ ಕೆಳಗಿಂದ ನೋಡಿದಾಳೆ, ಒಂದ್ಸಲ ಮೇಲಿಂದ ನೋಡ್ಲಿ. ನೀನು ಇಲ್ಲಿ ನಿಂತು ತಟ್ಟೆ ತೋರಿಸ್ಬೇಕು. ಅವ್ಳಿಗೆ ಈಗ್ಲೇ ಏಳ್ಬೇಡ, ಅವತ್ತು ಬೆಳಿಗ್ಗೆ ನಾನೇ ಏಳ್ತೀನಿ."

ಕೃಪಾ ನಕ್ಕಳು. ಕೆಟ್ಟ ನಗುವೇನಲ್ಲ, ಆಮೇಲೆ ಅದನ್ನು ನೆನೆದಾಗಲೆಲ್ಲ ಕೆಟ್ಟದ್ದೇ ಆಗಿದ್ದರೆ ಮರೆಯಬಹುದಿತ್ತು ಅನ್ನಿಸುತ್ತಿತ್ತು. ತಾನು ಕೆಲಸ ಮಾಡುವ ವಿಮಾ ಕಚೇರಿಯಲ್ಲಿ ಅವಳು ಅಪ್ಪನ ಬೆಟ್ಟಗಳ ಕತೆ ಹೇಳಿ ಹೇಳಿ ಒಂದು ದಂಡನ್ನೇ ಹುರಿದುಂಬಿಸಿಟ್ಟಿದ್ದಳು. ಕಡೆಯದಕ್ಕೆ ನಾವೂ ಬರ್ತೀವಿ ಎಂದು ಎಲ್ಲರೂ ಕುಣಿಯುತ್ತಿದ್ದರು. ಅವರನ್ನು ಈ ಗುಡ್ಡಕ್ಕೆ ಕರೆದೊಯ್ಯುವುದೆ?

"ಅಪ್ಪಾ, ಕಡೇದು ಅಂದ್ರೆ ನೆನಪಲ್ಲಿ ಉಳೀಬೇಕು. ನಗರಮಲೆಗೆ ಆಡು ಮೇಯಿಸೋರು ಹೋಗ್ತಾರೆ. ಪಾಲಮಲೆಗೆ ಹೋಗೋಣ. ಸಿದ್ಧೇಶ್ವರನ ಗುಡಿ ಮುಂದೆ ನಿಂತು ಫೋಟೋ ತೆಗೆದ್ರೆ ಹೆಂಗಿರ್ತದೆ!"

"ಪಾಲಮಲೆ ಇಲ್ಲಿಂದ ಕಾಣಲ್ವಲ್ಲಮ್ಮ."

"ರೂಲ್ ಮಾಡಿದ್ದು ನೀವೇ ತಾನೇ? ಮತ್ತೆ ಅಮ್ಮನ ಮೊಣಕಾಲಿಗೆ ಈ ಮನೆ ಮೆಟ್ಟಿಲೇ ಜಾಸ್ತಿ."

ಅವರು ಸ್ವಲ್ಪ ಹೊತ್ತು ಗುಡ್ಡವನ್ನು ನೋಡಿದರು. "ಸರಿ, ನೀನು ಹೇಳಿದ್ರೆ ಸರಿ," ಎಂದರು.

ಪಾಲಮಲೆಯ ಮೇಲೆ ಕಚೇರಿಯವರು ಫ್ಲೆಕ್ಸ್ ಬಿಚ್ಚಿದರು, ಕೇಕು ಕತ್ತರಿಸಿದರು. ಅಪ್ಪ ಒಂದು ಬದಿಗೆ ಹೋಗಿ, ಜೇಬಿನಿಂದ ಕನ್ನಡಿ ತೆಗೆದು ಸೇಲಂ ದಿಕ್ಕಿಗೆ ಹಿಡಿದರು. ನಡುವೆ ಸಾಲು ಸಾಲು ಬೆಟ್ಟ, ಮಂಜು. "ಅಪ್ಪಾ, ಇಲ್ಲಿ ನೋಡಿ, ಇಲ್ಲಿ!" ಎಂದು ಕೃಪಾ ಕೂಗಿದಳು. ಕನ್ನಡಿ ಜೇಬಿಗೆ ಹೋಯಿತು. ಕಣ್ಣು ಮಾತ್ರ ಆ ಕಡೆಯೇ ಉಳಿಯಿತು. ಅದೇ ಫೋಟೋ.

ಸಂಜೆ ಮನೆಗೆ ಬಂದಾಗ ಅಮ್ಮನ ಮುಖ ಬಿಸಿಲಿಗೆ ಕಂದಿತ್ತು. "ಇವತ್ತು ಬೆಳಕೇ ಬರ್ಲಿಲ್ಲ. ಎಷ್ಟೊತ್ತು ನಿಂತಿದ್ದೆ ಗೊತ್ತಾ?" ಅಲ್ಲಿಂದ ಬರುವುದಿಲ್ಲ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಅಪ್ಪ ಮಗಳ ಮುಖ ನೋಡಿ, ಆಮೇಲೆ ನೆಲ ನೋಡಿ ಮೆಲ್ಲಗೆ ಹೇಳಿದರು.

"ತೈ ಮುಗಿಯೋದ್ರೊಳಗೆ ನಗರಮಲೆನೂ ನೋಡ್ಬಿಡೋಣ ಕೃಪಾ."

"ಮುಗೀತಲ್ಲಪ್ಪಾ. ಕಡೇದು ಅಂತ ಎಲ್ಲರಿಗೂ ಫೋಟೋ ಕಳಿಸಿದೀನಿ. ಮತ್ತೆ ಇನ್ನೊಂದು ಅಂದ್ರೆ ನಗ್ತಾರೆ. ಮುಂದಿನ ಚಳಿಗೆ ನೋಡೋಣ." ಹಾಗೆನ್ನುವಾಗ ಅವಳು ಫೋನಿನಿಂದ ತಲೆ ಎತ್ತಿರಲಿಲ್ಲ.

ತೈ ಮುಗಿಯುವ ಮೊದಲೇ ಹಾಲಿನ ಅಂಗಡಿಯ ಮುಂದೆ ಅವರು ಕುಸಿದರು. ಬೆಟ್ಟಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದರು ಡಾಕ್ಟರು. ಕೃಪಾ ಎರಡು ಸಲ ಕೇಳಿದ್ದಳು. ಆಸ್ಪತ್ರೆಯವರು ಬಿಚ್ಚಿ ಕೊಟ್ಟ ಅಪ್ಪನ ಅಂಗಿಯ ಜೇಬಿನಲ್ಲಿ ಕನ್ನಡಿ ಇತ್ತು; ಅವಳು ಅದನ್ನು ತೆಗೆದಿಟ್ಟುಕೊಂಡಿದ್ದಳು.

* * *

ಶಾಂತಾಬಾಯಿ ಒಲೆಯ ಕಟ್ಟೆಗೆ ಎರಡೂ ಕೈ ಊರಿ ನಿಂತಿದ್ದರು.

"ಅಮ್ಮಾ, ಅಪ್ಪ ನಿನ್ನ ಕರಿಬೇಕು ಅಂತಿದ್ರು. ನಗರಮಲೆನ ನಿಂಗೋಸ್ಕರಾನೇ ಕಡೇಗೆ ಇಟ್ಟಿದ್ರು." ಮಿಕ್ಕದ್ದೂ ಒಂದೇ ಉಸಿರಿಗೆ ಬಂದುಬಿಟ್ಟಿತು: ಕಾರ್ತಿಕದ ಮಾತು, ಪಾಲಮಲೆ, ಮುಂದಿನ ಚಳಿ. ಅವಳು ಯಾವುದನ್ನೂ ಮುಚ್ಚಿಡಲಿಲ್ಲ.

ಅಮ್ಮ ತಿರುಗಲಿಲ್ಲ. "ನೀನೇನಂದೆ ಅವ್ರಿಗೆ?"

"ನಿನ್ ಮೊಣಕಾಲಿಗೆ ಆಗಲ್ಲ ಅಂದೆ."

"ನನ್ನ ಕೇಳಿದ್ಯಾ?"

"ಇಲ್ಲಮ್ಮ."

"ನಿನ್ನೆ ಸಾಯಂಕಾಲದಿಂದ ಬಯ್ತಾ ಇದೀನಲ್ಲೇ ಅವ್ರನ್ನ. ಬಂದೋರ ಮುಂದೆಲ್ಲ. ಎದ್ದು ಒಂದ್ಮಾತು ಏಳಕ್ಕಾಗ್ದೆ ಮಲ್ಗಿರೋರ್ನ." ಈಗ ತಿರುಗಿದರು. ಕಣ್ಣಲ್ಲಿ ನೀರಿರಲಿಲ್ಲ. "ನೀನು ಪಕ್ಕದಲ್ಲೇ ನಿಂತ್ಕೊಂಡು ಗಾಜು ಒರೆಸ್ತಿದ್ದೆ."

ಕೃಪಾ ಅಮ್ಮನ ಕೈ ಹಿಡಿಯಲು ಹೋದಳು. ಶಾಂತಾಬಾಯಿ ಕೈ ಎಳೆದುಕೊಂಡು, ತಟ್ಟೆಗಳ ಸ್ಟ್ಯಾಂಡಿನಿಂದ ಗಂಡನ ತಟ್ಟೆ ತೆಗೆದರು. ಅಂಚಿನಲ್ಲಿ ಚುಕ್ಕಿ ಚುಕ್ಕಿಯಾಗಿ ಹೆಸರು ಕೊರೆಸಿದ್ದ ತಟ್ಟೆ. ಡಬ್ಬದಿಂದ ಅಕ್ಕಿ ಸುರಿದುಕೊಂಡು ಹಜಾರಕ್ಕೆ ಬಂದರು. ಗಂಡನ ಪಕ್ಕದಲ್ಲಿ ಕೂತು ಬಾಯಿಗೆ ಅಕ್ಕಿ ಹಾಕಿದರು. ಸಾಕು ಎಂದು ಗೋವಿಂದಮ್ಮ ಹೇಳಿದ ಮೇಲೂ ಇನ್ನೊಂದಿಷ್ಟು ಹಾಕಿದರು. ಕಿವಿಯ ಹತ್ತಿರ ಬಗ್ಗಿ ಏನೋ ಹೇಳಿದರು. ಬಯ್ದದ್ದಕ್ಕೆ ಇರಬೇಕು, ಕೃಪಾಗೆ ಕೇಳಿಸಲಿಲ್ಲ.

ಗಂಡಸರು ಎತ್ತಿದರು. ಗಾಡಿಯ ಬಾಗಿಲು ಮುಚ್ಚಿತು. ಮಸಣಕ್ಕೆ ಹೆಂಗಸರು ಹೋಗುವಂತಿರಲಿಲ್ಲ. ಎಲ್ಲರೂ ಗೇಟಿನ ಬಳಿ ನಿಂತು ಅತ್ತರು. ಅಮ್ಮ ಅಲ್ಲಿರಲಿಲ್ಲ.

"ಶಾಂತಾ, ಎಲ್ಲೋಗ್ತೀಯ? ಕಾಲು ನೋವಲ್ಲೇ!" ಎಂದು ಹಿಂದಿನಿಂದ ಗೋವಿಂದಮ್ಮ ಕೂಗಿದ್ದು ಕೇಳಿಸಿತು.

ಕೃಪಾ ಹಿಂದಿರುಗಿ ನೋಡಿದಳು. ಹೊರಗೋಡೆಗೆ ಅಂಟಿದ ಮೆಟ್ಟಿಲುಗಳನ್ನು ಶಾಂತಾಬಾಯಿ ಹತ್ತುತ್ತಿದ್ದರು. ತಟ್ಟೆಯನ್ನು ಕಂಕುಳಲ್ಲಿ ಇಟ್ಟುಕೊಂಡು, ಇನ್ನೊಂದು ಕೈಯಿಂದ ಸೀರೆ ಎತ್ತಿ ಹಿಡಿದು, ಕಂಬಿಯನ್ನೂ ಮುಟ್ಟದೆ. ಎಲ್ಲಿಯೂ ನಿಲ್ಲಲಿಲ್ಲ. ಆ ಮೊಣಕಾಲುಗಳು ಹತ್ತುವುದನ್ನು ಕೃಪಾ ಮೊದಲನೆಯ ಮೆಟ್ಟಿಲಿನಿಂದ ಕೊನೆಯದರವರೆಗೂ ನೋಡಬೇಕಾಯಿತು.

ಗಾಡಿ ಹೊರಟಿತು. ತಾರಸಿಯಿಂದ ಬೆಳಕಿನದೊಂದು ತುಂಡು ಬೀದಿಗೆ ಬಿದ್ದು, ಅತ್ತಿತ್ತ ಹುಡುಕಿ, ಗಾಡಿಯ ಹಿಂಬದಿಯ ಗಾಜನ್ನು ಹಿಡಿಯಿತು. ಗಾಡಿ ಹೋದಂತೆ ಅದೂ ಹೋಯಿತು. ರಾಜಾನ ಅಂಗಡಿ ದಾಟಿತು, ಹಾಲಿನ ಅಂಗಡಿ ದಾಟಿತು. ದೂರದಲ್ಲಿ ನಗರಮಲೆ ಬಿಸಿಲು ಕಾಯುತ್ತ ಕೂತಿತ್ತು. ತಿರುವಿನಲ್ಲಿ ಗಾಡಿ ಮರೆಯಾದಾಗ ಬೆಳಕು ಗೋಡೆಯ ಮೇಲೆ ಉಳಿಯಿತು. ಅಲ್ಲಿ ಪೋಸ್ಟರಿನಲ್ಲಿ ಅಪ್ಪ ಎತ್ತಲೋ ನೋಡುತ್ತಿದ್ದರು. ಬೆಳಕು ಅವರ ಮುಖದ ಮೇಲೆ ಬಂದು, ನಡುಗುತ್ತ, ಅಲ್ಲೇ ನಿಂತಿತು. ಅಮ್ಮ ತಟ್ಟೆ ಇಳಿಸಲಿಲ್ಲ. ಅತ್ತಲಿಂದ ಕನ್ನಡಿ ಮಿಂಚುವವರೆಗೆ ಇಳಿಸಿದ್ದೇ ಇಲ್ಲ.

ಕನ್ನಡಿ ಕೃಪಾಳ ಮುಷ್ಟಿಯಲ್ಲಿತ್ತು. ಅಂಚು ಅಂಗೈಯನ್ನು ಕೊರೆಯುತ್ತಿದ್ದರೂ ಅವಳು ಮುಷ್ಟಿ ಬಿಚ್ಚಲಿಲ್ಲ.